ಮುಯ್ಯಾಳಿಗೆ ಖಾನೆ ಇರಲಿಲ್ಲ

ನನ್ನ ಕೆಲಸ ಏನೆಂಬುದು ನನ್ನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ ಗಂಡನಿಗೇ ನೆಟ್ಟಗೆ ಗೊತ್ತಿಲ್ಲ. ಯಾರಾದರೂ ಕೇಳಿದರೆ, "ಇವಳು ಕ್ಯಾನ್ಸರ್ ಆಸ್ಪತ್ರೇಲಿ ಲೆಕ್ಕ ಬರೀತಿದ್ಲು" ಎಂದು ಹೇಳಿ ಮುಗಿಸಿಬಿಡುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಆದರೆ ಹೋದ ತಿಂಗಳು ನಮ್ಮ ಹಳೆಯ ಘಟಕಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿದು, "ಮೇಡಂ, ಟ್ರೈನಿಂಗಲ್ಲಿ ಎಲ್ಲ ಹೇಳಿಕೊಟ್ರು. ಕೆಲಸ ನಿಜವಾಗ್ಲೂ ಹೇಗಿರುತ್ತೆ ಅಂತ ಮಾತ್ರ ಯಾರೂ ಹೇಳ್ಲಿಲ್ಲ" ಎಂದರು. ಹೇಳುತ್ತಾ ಕೂತರೆ ಅವರ ಬಸ್ಸು ತಪ್ಪುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿಯ ಆದೇಶ, ಬೀಳ್ಕೊಡುಗೆಯ ಶಾಲು ಎಲ್ಲ ಬೀರುವಿನಲ್ಲಿವೆ, ಅಲ್ಲೇ ಇರಲಿ. ನಾನು ಮಾಡಿದ ಎಡವಟ್ಟುಗಳನ್ನು ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುವುದು ಅವೇ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಕ್ಯಾನ್ಸರಿನ ಒಂದು ಚಿಕಿತ್ಸೆಯನ್ನು ಎರಡು ಮೂರು ರೀತಿಯಲ್ಲಿ ಕೊಡಬಹುದು. ಯಾವ ರೀತಿಗೆ ಎಷ್ಟು ಖರ್ಚು, ಯಾವುದರಲ್ಲಿ ಹೆಚ್ಚು ಜನ ಗುಣವಾಗುತ್ತಾರೆ, ಹತ್ತು ವರ್ಷ ಹಾಗೇ ನಡೆಸಿದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿ ನೋಡುತ್ತಾರೆ. ಅದಕ್ಕೆ ಮಾಡೆಲ್ ಎನ್ನುತ್ತಾರೆ. ಕಟ್ಟುವವರು ಅರ್ಥಶಾಸ್ತ್ರ ಓದಿದವರು. ಅದರೊಳಗೆ ಹಾಕುವ ಅಂಕಿಗಳನ್ನು ತಂದು, ಸೋಸಿ, ಖಾನೆ ಖಾನೆಗೆ ಜೋಡಿಸಿ ಕೊಡುವವರು ನಾವು. ಔಷಧಕ್ಕೆ ಎಷ್ಟಾಯಿತು, ನರ್ಸಿನ ಒಂದು ಗಂಟೆಗೆ ಎಷ್ಟು, ರೋಗಿ ಬಸ್ಸಿಗೆ ಕೊಟ್ಟದ್ದೆಷ್ಟು, ಮನೆಯವರ ಕೂಲಿ ಎಷ್ಟು ಹೋಯಿತು. ನಾವು ತಂದ ಅಂಕಿ ತಪ್ಪಾದರೆ ಅವರ ಉತ್ತರವೂ ತಪ್ಪು. ಹಿಟ್ಟು ಹಳಸಿದ್ದರೆ ಯಾರು ದೋಸೆ ಹೊಯ್ದರೂ ಅಷ್ಟೇ ತಾನೆ.

ನಾನು ಇದನ್ನು ಓದಿ ಬಂದವಳಲ್ಲ. ಹುಟ್ಟಿದ್ದು ಜಡಿಗೇನಹಳ್ಳಿ ಹತ್ತಿರದ ಒಂದು ಬೇಸಾಯದ ಮನೆಯಲ್ಲಿ. ಬಿ.ಕಾಂ. ಮುಗಿಸಿ ನಗರದ ಒಂದು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಆ ಕಿಂಡಿಯ ಹಿಂದೆಯೇ ಕಳೆಯಿತು. ಒಂದು ದಿನ ಡಾಕ್ಟರ್ ವಸುಧಾ ಎಂಬುವವರು ಬಂದು, ಖರ್ಚಿನ ಅಧ್ಯಯನಕ್ಕೆ ಒಂದು ಘಟಕ ಶುರುಮಾಡುತ್ತಿದ್ದೇವೆ, ಬಿಲ್ಲನ್ನು ನಿಜವಾಗಿ ಓದಲು ಬರುವವರು ಬೇಕು ಎಂದರು. ನನಗಿಂತ ಹತ್ತು ವರ್ಷ ಚಿಕ್ಕವರು, ತೆಳ್ಳಗೆ, ಸದಾ ಹತ್ತಿ ಸೀರೆ, ಮಾತು ಕಡಿಮೆ. ಬಿಲ್ಲು ಓದಲು ನನಗಿಂತ ಚೆನ್ನಾಗಿ ಯಾರಿಗೆ ಬರುತ್ತೆ ಎಂಬ ಧಿಮಾಕಿನಲ್ಲಿ ನಾನು ಹೊರಟುಬಿಟ್ಟೆ.

ಆ ಧಿಮಾಕು ಇಳಿಯಲು ಎರಡು ತಿಂಗಳು ಸಾಕಾಯಿತು. ನನಗೆ ಮೊದಲು ಕೊಟ್ಟ ಕೆಲಸ ಒಂದು ಇಂಜೆಕ್ಷನ್ನಿನ ಖರ್ಚು ತೆಗೆಯುವುದು. ಒಬ್ಬ ರೋಗಿಗೆ ಒಂದೂವರೆ ವಯಲ್ ಬೇಕು ಎಂದಿಟ್ಟುಕೊಳ್ಳಿ. ವಯಲ್ ಎಂದರೆ ಔಷಧದ ಸಣ್ಣ ಸೀಸೆ. ಅರ್ಧ ಸೀಸೆ ಮಾರುವುದಿಲ್ಲವಲ್ಲ, ನಾನು ಎರಡರ ಬೆಲೆ ಹಾಕಿದೆ. ತಿಂಗಳ ಕೊನೆಗೆ ಔಷಧಾಲಯದ ರಿಜಿಸ್ಟರ್ ತರಿಸಿ ನೋಡಿದರೆ ನನ್ನ ಲೆಕ್ಕಕ್ಕಿಂತ ಬಹಳ ಕಡಿಮೆ ಸೀಸೆ ಖರ್ಚಾಗಿವೆ. ಕಳ್ಳತನವಾದರೆ ಹೆಚ್ಚು ಖರ್ಚು ತೋರಿಸಬೇಕು, ಇದೇನು ತಿರುಗುಮುರುಗು ಎಂದು ನಾನು ಔಷಧಾಲಯದ ರೆಹಮಾನ್ ಸಾಹೇಬರ ಮುಂದೆ ಹೋಗಿ ನಿಂತೆ. ಅವರು ಬಹಳ ವರ್ಷದಿಂದ ಅಲ್ಲೇ ಇದ್ದವರು, ನಿಧಾನಸ್ಥ.

"ಏನ್ ಸಾಹೇಬ್ರೇ, ಇಷ್ಟು ರೋಗಿಗಳಿಗೆ ಇಷ್ಟೇ ಸೀಸೇನಾ? ಅರ್ಧಂಬರ್ಧ ಔಷಧ ಕೊಟ್ಟು ಕಳಿಸ್ತಿದೀರಾ ಹೇಗೆ?" ಎಂದು ಎಲ್ಲರ ಮುಂದೆ ಕೇಳಿಬಿಟ್ಟೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗಿರಿಜಮ್ಮ, ಬುಧವಾರ ಬೆಳಿಗ್ಗೆ ಬಂದು ಇಲ್ಲಿ ಒಂದು ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ಳಿ. ಆಮೇಲೆ ಬೈಯ್ರಿ" ಎಂದರು.

ಹೋಗಿ ಕೂತೆ. ಒಂದೇ ಇಂಜೆಕ್ಷನ್ ಬೇಕಾದವರನ್ನೆಲ್ಲ ಅವರು ಒಂದೇ ದಿನ ಕರೆಸುತ್ತಿದ್ದರು. ಒಬ್ಬರಿಗೆ ಕೊಟ್ಟು ಸೀಸೆಯಲ್ಲಿ ಉಳಿದದ್ದು ಅಲ್ಲೇ, ಆ ಗಂಟೆಯಲ್ಲೇ, ಶುದ್ಧವಾಗಿ ಮುಂದಿನವರಿಗೆ ಹೋಗುತ್ತಿತ್ತು. ಒಂದು ಹನಿ ಚೆಲ್ಲುತ್ತಿರಲಿಲ್ಲ. ಇದನ್ನು ಯಾವ ಬಿಲ್ಲೂ ಹೇಳುವುದಿಲ್ಲ. ನಾನು ಎದ್ದು ನಿಂತು ಕೈಮುಗಿದೆ. "ಹೋಗ್ಲಿ ಬಿಡಿ, ಸ್ಟೂಲ್ ಮೇಲೆ ಕೂತು ನೋಡಿದೋರು ನೀವೊಬ್ರೇ" ಎಂದು ನಕ್ಕು ಟೀ ತರಿಸಿದರು. ವಸುಧಾ ಮೇಡಂ ವಿಷಯ ಕೇಳಿ ಒಂದೇ ಮಾತು ಹೇಳಿದರು: "ಕಾಗದ ಹೇಳಿದ್ದನ್ನ ಬರೀಬೇಡಿ ಗಿರಿಜಾ ಅವ್ರೇ, ಹೋಗಿ ನೋಡಿದ್ದನ್ನ ಬರೀರಿ." ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಸುಲಭ.

ಆಮೇಲೆ ಬಂದದ್ದೇ ದೊಡ್ಡ ಕೆಲಸ. ದೇವನಹಳ್ಳಿಯಲ್ಲಿ ವಿಮಾನ ಹಾರಲು ಶುರುವಾಗಿ ಕೆಲವು ವರ್ಷ ಆಗಿತ್ತು. ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿಯ ಮೇಲೆ ನಮಗೆ ಎರಡು ಕೋಣೆ ಹಿಡಿದುಕೊಟ್ಟರು. ನಾವು ಉತ್ತರ ಹುಡುಕಬೇಕಿದ್ದ ಪ್ರಶ್ನೆ ಇದು: ಕ್ಯಾನ್ಸರಿನ ಇಂಜೆಕ್ಷನ್ನಿಗೆ ಹಳ್ಳಿಯವರೆಲ್ಲ ಪ್ರತಿ ಸಲವೂ ನಗರದ ದೊಡ್ಡಾಸ್ಪತ್ರೆಗೇ ಹೋಗಬೇಕೆ, ಇಲ್ಲವೇ ಮೊದಲ ಒಂದೆರಡು ಅಲ್ಲಿ ಮುಗಿಸಿ ಉಳಿದದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಒಂದು ಕೋಣೆ ಮಾಡಿ ಕೊಡಬಹುದೆ? ಕೋಣೆ ಮಾಡಿದರೆ ಸರ್ಕಾರಕ್ಕೆ ಖರ್ಚು. ಆ ಖರ್ಚಿಗೆ ಸರಿಯಾಗಿ ಜನಕ್ಕೆ ಏನು ಉಳಿಯುತ್ತದೆ ಎಂದು ತೋರಿಸಿದರೆ ಮಾತ್ರ ದುಡ್ಡು ಮಂಜೂರು ಮಾಡುವ ಸಮಿತಿ ಒಪ್ಪುತ್ತದೆ. ಅದನ್ನು ತೋರಿಸುವ ಅಂಕಿ ನಾವು ತರಬೇಕು.

ಮನೆ ಮನೆಗೆ ಹೋಗಿ ಫಾರಂ ತುಂಬಲು ಕೆಲವು ಹೆಂಗಸರನ್ನು ತೆಗೆದುಕೊಂಡೆವು. ಅವರಲ್ಲಿ ಸುನಂದ ಎಂಬಾಕೆ ಹಿಂದೆ ಅಂಗನವಾಡಿ ನಡೆಸಿದವಳು, ನಲವತ್ತು ದಾಟಿದವಳು, ಬಾಯಿ ಜೋರು. ಫಾರಂಗಳು ವಾಪಸು ಬಂದಾಗ ಅರ್ಧಕ್ಕರ್ಧ ಖಾನೆ ಖಾಲಿ. ನನಗೆ ಖಾಲಿ ಖಾನೆ ಕಂಡರೆ ಮೈ ಉರಿಯುತ್ತದೆ. ಎಲ್ಲರನ್ನೂ ಕೂರಿಸಿ ಒಂದು ನಿಯಮ ಮಾಡಿದೆ. "ನೋಡ್ರಮ್ಮ, ಒಂದು ಖಾನೇನೂ ಖಾಲಿ ಬಿಡ್ಬಾರ್ದು. ಖರ್ಚಾಗಿದ್ರೆ ಎಷ್ಟು ಅಂತ ಬರೀರಿ. ಆಗಿಲ್ವಾ, ಸೊನ್ನೆ ಹಾಕಿ."

ಸುನಂದ ಕೈ ಎತ್ತಿದಳು. "ಮೇಡಂ, ಮುಯ್ಯಾಳು ಬಂದಿದ್ರೆ ಏನ್ ಬರೀಲಿ?"

ಮುಯ್ಯಾಳು ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಿಮ್ಮ ಹೊಲದ ಕೆಲಸಕ್ಕೆ ನಾನು ಒಂದು ದಿನ ಬರುತ್ತೇನೆ, ಕೂಲಿ ಬೇಡ. ನನ್ನ ಹೊಲದ ಕೆಲಸಕ್ಕೆ ನೀವು ಒಂದು ದಿನ ಬಂದು ತೀರಿಸಬೇಕು. ಅದು ಮುಯ್ಯಿ, ಹಾಗೆ ಬರುವವರು ಮುಯ್ಯಾಳು. ನಮ್ಮ ಅಮ್ಮ ಜೀವನವೆಲ್ಲ ಮುಯ್ಯಿಗೆ ಹೋದವಳು. ಒಂದು ಸಲ ಜ್ವರ ಬಂದು ಮುಯ್ಯಿ ತಪ್ಪಿದ್ದಕ್ಕೆ ಊಟ ಬಿಟ್ಟು ಕೂತಿದ್ದನ್ನು ಕಣ್ಣಾರೆ ಕಂಡವಳು ನಾನು. ಆದರೂ ಸುನಂದಳಿಗೆ ನಾನು ಕೊಟ್ಟ ಉತ್ತರ ಕೇಳಿ.

"ದುಡ್ಡು ಕೊಟ್ರಾ? ಇಲ್ವಲ್ಲ. ಸೊನ್ನೆ ಹಾಕು."

"ಅಲ್ಲ ಮೇಡಂ..."

"ಸುನಂದಾ, ಮುಯ್ಯಾಳಿಗೆ ಫಾರಂನಲ್ಲಿ ಖಾನೆ ಇದ್ಯಾ? ಇಲ್ಲ. ಸೊನ್ನೆ ಹಾಕಮ್ಮ, ಮುಂದಕ್ಕೆ ಹೋಗೋಣ."

ಅವತ್ತಿನಿಂದ ನನಗೆ ಹಿಂದಿನಿಂದ "ಸೊನ್ನೆ ಮೇಡಂ" ಎಂದು ಹೆಸರು ಬಿತ್ತು. ಫಾರಂಗಳು ಮಾತ್ರ ಚೊಕ್ಕವಾಗಿ ಬರತೊಡಗಿದವು. ನನಗೆ ಪರಮ ಸಮಾಧಾನ.

ಪ್ರಯಾಣದ ಖಾನೆಯಲ್ಲೂ ಸೊನ್ನೆ ಬರುತ್ತಿತ್ತು. ನಂದಗುಡಿ ಕಡೆಯ ಒಬ್ಬ ಅಜ್ಜ ಟೊಮ್ಯಾಟೊ ಟೆಂಪೋದಲ್ಲಿ ಕ್ರೇಟುಗಳ ಪಕ್ಕ ಕೂತು ಆಸ್ಪತ್ರೆಗೆ ಹೋಗಿದ್ದರು, ಸೊನ್ನೆ. ಇನ್ನೊಬ್ಬರನ್ನು ಅವರ ಊರಿನವನೇ ಏರ್‌ಪೋರ್ಟ್ ಟ್ಯಾಕ್ಸಿಯಲ್ಲಿ ಬಿಟ್ಟುಬಂದಿದ್ದ, ಅದೂ ಸೊನ್ನೆ. ಅವನ ಒಂದು ದಿನದ ಬಾಡಿಗೆ ಹೋಯಿತಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ವಿಮಾನ ನಿಲ್ದಾಣ ಬಂದಮೇಲೆ ಹಳ್ಳಿಯ ಹುಡುಗ ಹುಡುಗಿಯರು ಅಲ್ಲಿನ ಕಸ ಗುಡಿಸುವ, ಟ್ರಾಲಿ ತಳ್ಳುವ ಕೆಲಸಕ್ಕೆ ಹೋಗಿ ಕೂಲಿಗೆ ಜನ ಸಿಗುತ್ತಿರಲಿಲ್ಲ. ದುಡ್ಡು ಕೊಡುತ್ತೇನೆ ಎಂದರೂ ಆಳಿಲ್ಲ. ಹಾಗಾಗಿ ಉಳಿದವರು ಮುಯ್ಯಿಯನ್ನೇ ನೆಚ್ಚಿಕೊಂಡಿದ್ದರು. ಇದೆಲ್ಲ ನನ್ನ ಕಣ್ಣೆದುರಿಗೇ ಇತ್ತು.

ಆರು ತಿಂಗಳ ಕೆಲಸ ಮುಗಿಯಿತು. ಮೇಡಂ ಮಾಡೆಲ್ ಓಡಿಸಿದರು. ಉತ್ತರ ಬಂತು: ನಗರಕ್ಕೆ ಹೋಗುವುದರಿಂದ ಮನೆಯವರಿಗೆ ಹೆಚ್ಚು ಖರ್ಚೇನೂ ಆಗುತ್ತಿಲ್ಲ, ತಾಲ್ಲೂಕಿನಲ್ಲಿ ಕೋಣೆ ಮಾಡುವುದು ದಂಡ. ಮೇಡಂ ಮುಖ ಸಣ್ಣದಾಯಿತು. ಕೋಣೆ ಆಗಬೇಕು ಎಂದು ಅವರಿಗೆ ಒಳಗೊಳಗೇ ಆಸೆಯಿತ್ತು. ಆದರೆ ಅಂಕಿ ಹೇಳಿದ ಮೇಲೆ ಮುಗಿಯಿತು ಎನ್ನುವವರು ಅವರು. ಕರಡು ವರದಿ ಸಮಿತಿಗೆ ಹೋಯಿತು. ಸಭೆಗೆ ಮೂರು ವಾರ ಇತ್ತು.

ನಾನು ಫಾರಂಗಳನ್ನು ಕಟ್ಟಿಡುವ ಮುಂಚೆ, ಚಿಕಿತ್ಸೆ ಅರ್ಧಕ್ಕೇ ಬಿಟ್ಟವರ ಫಾರಂಗಳನ್ನು ಬೇರೆ ಮಾಡುತ್ತಿದ್ದೆ. ಕೈ ನಿಂತಿತು. ಬಿಟ್ಟವರಲ್ಲಿ ಬಹಳ ಜನರ ಖರ್ಚಿನ ಸಾಲಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಏನೂ ಖರ್ಚಾಗದವರು ಯಾಕೆ ಬಿಡುತ್ತಾರೆ? ದುಡ್ಡು ಸುರಿದವರು ಕಷ್ಟಪಟ್ಟು ಮುಗಿಸಿದ್ದಾರೆ, ಪುಕ್ಕಟೆಯಾದವರು ಬಿಟ್ಟಿದ್ದಾರೆ. ಹೆದರಿಕೆಗೆ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ನಂಬಿಕೆ ಬರಲಿಲ್ಲ. ಮರುದಿನ ಸುನಂದಳನ್ನು ಕರೆದುಕೊಂಡು ಅದರಲ್ಲಿ ಮೇಲಿದ್ದ ಫಾರಂನ ಮನೆಗೆ ಹೊರಟೆ. ದೊಡ್ಡಬೆಳವಂಗಲದಿಂದ ಆಚೆ, ಬಸ್ಸಿಳಿದು ಒಂದು ಮೈಲಿ ನಡಿಗೆ.

ಆಕೆ ಚಿಕ್ಕತಾಯಮ್ಮ. ನಲವತ್ತೈದರ ಆಸುಪಾಸು, ಎದೆಯ ಕ್ಯಾನ್ಸರ್. ಆಪರೇಷನ್ ಆಗಿ ಮೂರು ವಾರಕ್ಕೊಂದರಂತೆ ಇಂಜೆಕ್ಷನ್ ನಡೆದಿತ್ತು. ಕೊನೆಯ ಎರಡು ಬಾಕಿ ಇರುವಾಗ ಹೋಗುವುದನ್ನು ನಿಲ್ಲಿಸಿದ್ದಳು. ಗಂಡ ಮುನಿಯಪ್ಪ, ಎರಡು ಸೀಮೆಹಸು, ಒಂದಿಷ್ಟು ರಾಗಿ ಹೊಲ. ಆಸ್ಪತ್ರೆಯವರು ಕಾಗದ ಬರೆದರೂ, ಫೋನು ಮಾಡಿದರೂ ಉತ್ತರವಿಲ್ಲ.

ತಲೆಗೆ ಟವೆಲು ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದಳು. "ಬರ್ರಮ್ಮ, ಕುಂತ್ಕಳಿ" ಎಂದು ಚಾಪೆ ಹಾಸಿದಳು.

"ಯಾಕಮ್ಮ ಬಿಟ್ಟೆ? ದುಡ್ಡಿಗೆ ತೊಂದ್ರೆನಾ?"

"ದುಡ್ಡೇನ್ ಕೇಳಿಲ್ಲ ಕಣಮ್ಮ, ಔಸ್ದಿ ಕಾರ್ಡ್‌ನಾಗೆ ಕೊಡ್ತಾರೆ."

"ಮತ್ತೆ ಹೆದರಿಕೆನಾ?"

ಆಕೆ ಬಾಗಿಲ ಪಕ್ಕದ ಗೋಡೆ ತೋರಿಸಿದಳು. ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಗೀಟುಗಳು, ಗುಂಪು ಗುಂಪಾಗಿ. "ಅಗೋ ಅವು ಪಕ್ಕದ್ ಮನೆ ಲಕ್ಷ್ಮಕ್ಕಂದು. ನಾವು ಆಸ್ಪತ್ರೆಗೆ ಹೋದ್ ದಿಸ ಎಲ್ಲಾ ಹಸ ಕರ್ದು ಡೇರಿಗೆ ಹಾಕವ್ಳೆ. ನಾನು ವಾಂತಿ ಮಾಡ್ಕಂಡ್ ಮಲಗಿದ್ ದಿಸಾನೂ ಅವ್ಳೇ. ಅವು ಮೇಗಲ ಮನೇರ್ದು, ರಾಗಿ ಕುಯ್ದ್‌ಕೊಟ್ರು. ಇವು ನಮ್ಮ ವಾರಗಿತ್ತೀದು. ಅಷ್ಟೂ ನಾನು ತೀರಿಸ್‌ಬೇಕು. ಈ ಕೈಯಾಗೆ ಬಿಂದಿಗೆ ಎತ್ತಕ್ಕಾಗಲ್ಲ, ಯಾವತ್ ತೀರಿಸ್ಲಿ? ಇನ್ನೆರಡು ಸಲ ಅಂದ್ರೆ ಇನ್ನೆಷ್ಟು ಗೀಟು! ಕೇಳಕ್ಕೆ ಮಕ ಇಲ್ಲ ಕಣಮ್ಮ. ಸತ್ರೆ ಮುಯ್ಯಿ ಹೊತ್ಕಂಡ್ ಸಾಯ್ಬೇಕಲ್ಲ ಅಂತ ನಿಲ್ಲಿಸ್‌ಬಿಟ್ಟೆ."

ನಾನು ಆರು ತಿಂಗಳು ಹುಡುಕಿದ ಅಂಕಿ ಆ ಗೋಡೆಯ ಮೇಲಿತ್ತು. ಅದಕ್ಕೆ ನಾನೇ ಸೊನ್ನೆ ಹಾಕಿಸಿದ್ದೆ. ನಮ್ಮಮ್ಮ ಊಟ ಬಿಟ್ಟು ಕೂತದ್ದು ನೆನಪಾಗಿ ನನಗೆ ಅಲ್ಲೇ ಅಳು ಬಂತು. ಸುನಂದ ಎಂಥ ಬಾಯಿಬಡುಕಿಯಾದರೂ, "ಅವತ್ತೇ ಕೇಳಿದ್ನಲ್ಲ ಮೇಡಂ" ಎಂದು ಒಂದೇ ಒಂದು ಸಲ ಮೆಲ್ಲಗೆ ಅಂದು ಸುಮ್ಮನಾದಳು.

ಅಲ್ಲಿಂದಲೇ ಆಸ್ಪತ್ರೆಗೆ ಫೋನು ಮಾಡಿದೆ. ತಡವಾಗಿದೆ, ಆದರೆ ಕೈಮೀರಿಲ್ಲ, ಗುರುವಾರದ ಒಳಗೆ ಬರಲೇಬೇಕು ಎಂದರು. ಲಕ್ಷ್ಮಕ್ಕನನ್ನು ಕರೆದು ಕೇಳಿದರೆ ಆಕೆ ಸೊಂಟಕ್ಕೆ ಕೈಕೊಟ್ಟು, "ನಾವೇನ್ ಕೇಳಿದ್ವಾ ಇವಳ್ನ? ಇವಳೇ ಗೀಟು ಎಳ್ಕಂಡ್ ಕುಂತವ್ಳೆ" ಎಂದಳು. ಆದರೆ ಗುರುವಾರ ಆಕೆಗೆ ತವರಿನಲ್ಲಿ ನಾಮಕರಣ. ಮುನಿಯಪ್ಪ ಹೋದರೆ ಹಸು ನೋಡುವವರಿಲ್ಲ, ಚಿಕ್ಕತಾಯಮ್ಮ ಇನ್ನೊಬ್ಬರನ್ನು ಕೇಳಲು ಸುತರಾಂ ಒಪ್ಪಲಿಲ್ಲ.

"ನಾನ್ ಬರ್ತೀನಿ" ಎಂದೆ. ಬಾಯಿಂದ ಹೊರಬಿದ್ದ ಮೇಲೆ ನನಗೇ ಗಾಬರಿ. ಅಂಕಿ ಸಂಗ್ರಹಿಸುವವರು ಹೀಗೆಲ್ಲ ನಡುವೆ ಕೈಹಾಕಬಾರದು ಎಂದು ನಮ್ಮ ನಿಯಮದಲ್ಲೇ ಇದೆ. ನೀವು ಪಾಲಿಸಿ. ನಾನು ಪಾಲಿಸಲಿಲ್ಲ.

ಗುರುವಾರ ರಜೆ ಹಾಕಿ ಬೆಳಕು ಹರಿಯುವ ಮುಂಚೆ ಹೋದೆ. ಗಂಡಹೆಂಡತಿಯನ್ನು ಬಸ್ಸಿಗೆ ಕಳಿಸಿ ಹಸುವಿನ ಹತ್ತಿರ ಕೂತೆ. ಹಾಲು ಕರೆದು ಮೂವತ್ತು ವರ್ಷ ಆಗಿತ್ತು. ಮೊದಲನೆಯದು ಪಾಪ ಸುಮ್ಮನೆ ನಿಂತಿತು. ಎರಡನೆಯದು ಒಂದು ಒದ್ದದ್ದಕ್ಕೆ ಬಕೆಟ್ಟು ಒಂದು ಕಡೆ, ನಾನು ಒಂದು ಕಡೆ. ಉಳಿದ ಹಾಲು ಹಿಡಿದು ಡೇರಿಗೆ ಹೋದರೆ ಅಲ್ಲಿನವನು ಸೀರೆಯ ಸಗಣಿ ನೋಡಿ, "ಯಾರ್ ಮನೇರಮ್ಮ ನೀವು?" ಎಂದ. "ಚಿಕ್ಕತಾಯಮ್ಮನ ಮುಯ್ಯಾಳು" ಎಂದೆ. ರಾತ್ರಿ ಅವರು ವಾಪಸು ಬಂದಾಗ ಚಿಕ್ಕತಾಯಮ್ಮನಿಗೆ ನಿಲ್ಲಲು ತ್ರಾಣವಿರಲಿಲ್ಲ. ಆದರೂ ಒಲೆಯಿಂದ ಇದ್ದಿಲು ತಂದು ಗೋಡೆಯ ಕೆಳಗಡೆ ಒಂದು ಗೀಟು ಎಳೆದು, "ಇದು ನಿಮ್ದು" ಎಂದಳು. ಬೇಡ ಎಂದರೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಡಂ ಮುಂದೆ ನಿಂತೆ. ನಿವೃತ್ತಿಗೆ ಕೆಲವೇ ವರ್ಷ ಇತ್ತು, ವರದಿ ನನ್ನಿಂದ ಹಾಳಾಯಿತು ಎಂದು ಬರೆದುಕೊಟ್ಟರೆ ಗತಿಯೇನು ಎಂಬ ಭಯ. ಎಲ್ಲ ಹೇಳಿದೆ, ಹಸುವಿನ ವಿಷಯವನ್ನೂ.

ಅವರು ಫಾರಂಗಳ ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಮೇಲೆ ಒಂದು ವಿಮಾನ ಸದ್ದು ಮಾಡುತ್ತಾ ಇಳಿಯಿತು. ಸದ್ದು ನಿಂತ ಮೇಲೆ ಕೇಳಿದರು, "ಎಲ್ಲಾ ಮನೆಗೂ ಇನ್ನೊಂದ್ಸಲ ಹೋಗೋಕೆ ಎಷ್ಟು ದಿನ ಬೇಕು?"

"ಬೈಯಲ್ವಾ ಮೇಡಂ?"

"ಫಾರಂ ಮಾಡಿದ್ದು ನಾನು, ಗಿರಿಜಾ ಅವ್ರೇ. ಖಾನೆ ಬಿಟ್ಟಿದ್ದು ನಾನು. ಇಬ್ರೂ ಬೈಸ್ಕೊಳ್ಳೋಣ, ಆಮೇಲೆ. ಈಗ ಹೊರಡಿ."

ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಹದಿನೈದು ದಿನ ಎಲ್ಲರೂ ಬಿಸಿಲಲ್ಲಿ ಓಡಾಡಿದೆವು. ಈ ಸಲ ದುಡ್ಡೆಷ್ಟು ಎಂದು ಕೇಳಲಿಲ್ಲ. ಯಾರು ಬಂದರು, ಏನು ಮಾಡಿಕೊಟ್ಟರು, ಎಷ್ಟು ದಿನ, ಅದರಲ್ಲಿ ಎಷ್ಟು ತೀರಿಸಿದ್ದೀರಿ ಎಂದು ಕೇಳಿದೆವು. ಜನ ಬೆರಳು ಮಡಿಸಿ ಮಡಿಸಿ ಹೇಳಿದರು. ಒಂದು ದಿನದ ಮುಯ್ಯಿಗೆ ಬೆಲೆ ಎಷ್ಟು ಎಂಬುದರ ಮೇಲೆ ನನಗೂ ಮೇಡಂಗೂ ಜಗಳವೇ ಆಯಿತು. ಹೊಲದ ಹೆಣ್ಣಾಳಿನ ಕೂಲಿ ಹಾಕೋಣ ಎಂದರು, ಅದು ಗಂಡಾಳಿನದಕ್ಕಿಂತ ಕಡಿಮೆ. "ಹಸು ಒದ್ರೆ ಹೆಣ್ಣಿಗೂ ಗಂಡಿಗೂ ಒಂದೇ ನೋವು ಮೇಡಂ" ಎಂದೆ. ನಕ್ಕು, ಎರಡು ಕೂಲಿಯಲ್ಲೂ ಬೇರೆ ಬೇರೆಯಾಗಿ ಓಡಿಸಿದರು. ಎರಡರಲ್ಲೂ ಉತ್ತರ ತಿರುಗಿತು, ತಾಲ್ಲೂಕಿನ ಕೋಣೆಯೇ ಲೇಸು ಎಂದು ಬಂತು. ಸುನಂದ ಜೆರಾಕ್ಸ್ ಅಂಗಡಿಯವನಿಗೂ ಸೇರಿಸಿ ಎಲ್ಲರಿಗೂ ಬೋಂಡ ಹಂಚಿದಳು.

ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಹೊಸ ವರದಿ ತಿರುವಿ, "ದುಡ್ಡೇ ಕೈಬದಲಾಗಿಲ್ಲ, ಖರ್ಚು ಹೇಗ್ರೀ ಆಗುತ್ತೆ? ಪುಕ್ಕಟೆ ಕೆಲಸಕ್ಕೆಲ್ಲ ಬೆಲೆ ಕಟ್ತಾ ಹೋದ್ರೆ ಮುಗೀತಾ?" ಎಂದರು. ಮೇಡಂ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದರು. ಅವರ ಪಕ್ಕದಲ್ಲೇ ಕೂತಿದ್ದ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಸಾರ್, ತಮ್ಮ ಊರು ಯಾವುದು?"

"ಯಾಕಮ್ಮ? ಮಾಲೂರು ಕಡೆ."

"ತಮ್ಮ ತಾಯಿ ಮುಯ್ಯಿಗೆ ಹೋಗ್ತಿದ್ರಾ ಸಾರ್?"

ಮೇಡಂ ನನ್ನ ಸೆರಗು ಎಳೆದರು. ಅಧಿಕಾರಿ ಪೆನ್ನು ಕೆಳಗಿಟ್ಟರು. "ಹೋಗ್ತಿದ್ರು" ಎಂದರು. ಆಮೇಲೆ, "ತಪ್ಪಿಸ್ತಿರ್ಲಿಲ್ಲ" ಎಂದು ಸೇರಿಸಿದರು. ವರದಿಯ ಆ ಹಾಳೆಯನ್ನು ಮತ್ತೆ ಮೊದಲಿಂದ ಓದಿದರು. ಅವತ್ತು ಏನೂ ತೀರ್ಮಾನ ಹೇಳಲಿಲ್ಲ. ಎರಡು ತಿಂಗಳು ನಾನು ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಮಂಜೂರಾತಿ ಪತ್ರ ಬಂತು: ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ, ನಾಲ್ಕು ಒರಗು ಕುರ್ಚಿ, ತರಬೇತಾದ ಒಬ್ಬ ಸಿಸ್ಟರ್, ವಾರಕ್ಕೆ ಎರಡು ದಿನ. ಪತ್ರ ಓದಿ ಮೇಡಂ ಮೇಜಿನ ಮೇಲೆ ತಲೆಯಿಟ್ಟು ಕೂತುಬಿಟ್ಟರು. ನಾನು ಕೆಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಚಿಕ್ಕತಾಯಮ್ಮನ ಕೊನೆಯ ಇಂಜೆಕ್ಷನ್ ಆ ಕೋಣೆಗೆ ಕಾಯಲಿಲ್ಲ. ಲಕ್ಷ್ಮಕ್ಕ ಅವಳನ್ನು ಬೈದು, ಹಸು ತಾನು ನೋಡಿಕೊಂಡು, ಮೂರು ವಾರಕ್ಕೆ ಸರಿಯಾಗಿ ನಗರದ ಆಸ್ಪತ್ರೆಗೆ ಅಟ್ಟಿದಳು. ಆದರೆ ಆಮೇಲಿನವರೆಲ್ಲ ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತು ಇಂಜೆಕ್ಷನ್ ತೆಗೆದುಕೊಂಡು, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರುತ್ತಿದ್ದರು. ಇದಕ್ಕಿಂತ ಹೆಚ್ಚಿನದು ನನಗೆ ಬೇಕಿರಲಿಲ್ಲ. ಹೊಸ ಫಾರಂಗಳಲ್ಲಿ "ಮುಯ್ಯಾಳು, ದಿನ" ಎಂದು ಒಂದು ಖಾನೆ ಇರುವುದನ್ನು ನೀವು ನೋಡಿರುತ್ತೀರಿ. ಅದು ಅಲ್ಲಿಗೆ ಹೇಗೆ ಬಂತು ಎಂದು ನಿಮಗೀಗ ಗೊತ್ತಾಯಿತು.

ನಾನು ನಿವೃತ್ತಳಾಗಿ ಎರಡು ವರ್ಷವಾದ ಮೇಲೆ, ಈ ಅವರೆಕಾಯಿ ಕಾಲದಲ್ಲಿ, ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಚಿಕ್ಕತಾಯಮ್ಮ! ತಲೆತುಂಬ ಕೂದಲು, ಕಂಕುಳಲ್ಲಿ ಒಂದು ಚೀಲ ಸೊಗಡಿನ ಅವರೆಕಾಯಿ. ಮೊದಲು ಗುರುತೇ ಸಿಗಲಿಲ್ಲ.

"ಏನಮ್ಮ ಇದು, ಹೇಳದೆ ಕೇಳದೆ?"

"ಕೆಲ್ಸಕ್ ಬಂದೆ" ಎಂದು ಸೆರಗು ಸಿಕ್ಕಿಸಿಕೊಂಡು ಒಳಗೇ ನಡೆದಳು. ಕಾಯಿ ಬಿಡಿಸಿದಳು, ಕಾಳು ನೆನೆಹಾಕಿದಳು. ನನ್ನ ಅಟ್ಟದ ಮೇಲಿನ ಪಾತ್ರೆಯನ್ನೆಲ್ಲ ಇಳಿಸಿ ಹುಣಿಸೆಹಣ್ಣು ಹಾಕಿ ತಿಕ್ಕಿದಳು. ಆ ಕೈಯಲ್ಲೇ, ಬಿಂದಿಗೆ ಎತ್ತಲಾರೆ ಎಂದಿದ್ದ ಕೈಯಲ್ಲೇ. ನಾನು ಬೇಡ ಬೇಡ ಎನ್ನುತ್ತಾ ಹಿಂದೆ ಮುಂದೆ ಸುತ್ತಿದೆ. ಮಧ್ಯಾಹ್ನ ಅವರೆಕಾಳು ಹಿದುಕುತ್ತಾ ಎದುರುಬದುರು ಕೂತಾಗ ಹೇಳಿದಳು.

"ಎಲ್ಲಾರ್ದೂ ತೀರಿಸ್ದೆ ಕಣಕ್ಕ. ಲಕ್ಷ್ಮಕ್ಕಂದು ಹೋದ್ ವರ್ಸ ಮುಗೀತು. ವಾರಗಿತ್ತೀದು ಈ ಸಲ ರಾಗಿ ಕುಯ್ಲಾಗೆ. ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸ್ದೆ. ನಿಮ್ ಗೀಟು ಒಂದ್ನ ಬಿಟ್ಟು ಸುತ್ತಾ ಹೊಡೆಸಿವ್ನಿ."

"ಅಯ್ಯೋ, ಅಷ್ಟಕ್ಕೆ ಇಲ್ಲೀವರ್ಗೂ ಬಂದ್ಯಾ?"

"ಮತ್ತೆ? ಇವತ್ತಿಗ್ ಮುಗೀತು. ಹೋಗಿ ಅಳಿಸ್ತೀನಿ."

ನಾನು ಕಾಳು ಹಿದುಕುತ್ತಲೇ ಇದ್ದೆ, ಕಣ್ಣೀರು ಬಟ್ಟಲಿಗೇ ಬೀಳುತ್ತಿತ್ತು. "ಉಪ್ಪು ಆಮೇಲ್ ಹಾಕದು ಬಿಡಕ್ಕ" ಎಂದು ಅವಳು ನಕ್ಕಳು.

ನಾಲ್ಕು ಗಂಟೆಗೆ ಎದ್ದು ಕೈತೊಳೆದುಕೊಂಡಳು. ಹಿದುಕಿದ ಬೇಳೆ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ಊಟ ಮಾಡಿಕೊಂಡು ಹೋಗು, ಬಸ್ಸು ಇನ್ನೂ ಇವೆ ಎಂದು ಎಷ್ಟು ಹೇಳಿದರೂ ನಿಲ್ಲಲಿಲ್ಲ. ಹಾಲು ಕರೆಯುವ ಹೊತ್ತಾಗಿತ್ತು.